ಬಿಳಿ ರಕ್ತಕಣದೊಳಗಿನ ಬಣ್ಣ ಇನ್‌ಫ್ರಾರೆಡ್‌ಗೆ ಎಷ್ಟು ಕಾಣುತ್ತದೆ?

ನೂರು ಕೋಟಿ ಅಣುಗಳು. ಒಂದು ಬಿಳಿ ರಕ್ತಕಣದೊಳಗೆ ಸೇರಿದ ಬಣ್ಣವನ್ನು (ಡೈ) ಮಾಮೂಲಿ ಇನ್‌ಫ್ರಾರೆಡ್ ಮೈಕ್ರೋಸ್ಕೋಪ್ ಗುರುತಿಸಬೇಕಾದರೆ ಆ ಒಂದೇ ಕೋಶದಲ್ಲಿ ಹೆಚ್ಚುಕಡಿಮೆ ಅಷ್ಟು ಅಣುಗಳು ಇರಬೇಕು. ಒಳ್ಳೆಯ ಫ್ಲೋರೆಸೆಂಟ್ ಬಣ್ಣವಾದರೆ ಇದರ ಲಕ್ಷದಲ್ಲೊಂದು ಪಾಲು ಇದ್ದರೂ ಫ್ಲೋ ಸೈಟೋಮೀಟರ್ (ಕೋಶಗಳನ್ನು ಒಂದೊಂದಾಗಿ ಹರಿಸಿ ಹೊಳಪು ಅಳೆಯುವ ಯಂತ್ರ) ಹಿಡಿದುಬಿಡುತ್ತದೆ. ಪ್ರಯೋಗಕ್ಕೆ ಕೈಹಾಕುವ ಮೊದಲೇ ಈ ಲೆಕ್ಕ ಮಾಡಿಕೊಳ್ಳದ ಕಾರಣ ಎಷ್ಟೋ ತಿಂಗಳ ಕೆಲಸ ಹಾಳಾಗುತ್ತದೆ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಬಣ್ಣದ ಅಣುಗಳ ಉಂಗುರ ಕಂಪಿಸುವಾಗ ಕಾಣುವ ಬಲವಾದ ಪೀಕ್‌ಗೆ ಮೋಲಾರ್ ಹೀರಿಕೆ (ಬಣ್ಣ ಎಷ್ಟು ಬಲವಾಗಿ ಬೆಳಕು ಹೀರುತ್ತದೆ ಎಂಬ ಅಳತೆ) ಸುಮಾರು 1000 ಎಂದು ಹಿಡಿಯಿರಿ. ಕೋಶದ ದಪ್ಪ 5 ಮೈಕ್ರೋಮೀಟರ್, ಅಂದರೆ 0.0005 ಸೆಂಟಿಮೀಟರ್. ಮಾಮೂಲಿ ಬಿಸಿಕಡ್ಡಿಯ ಬೆಳಕು, 20 ಮೈಕ್ರೋಮೀಟರ್ ಅಪರ್ಚರ್, 256 ಸ್ಕ್ಯಾನ್ ಇದ್ದಾಗ ಗದ್ದಲ 0.001 ಅಬ್ಸಾರ್ಬೆನ್ಸ್ ಆಸುಪಾಸು ಇರುತ್ತದೆ. ಅದರ ಮೂರು ಪಟ್ಟು ಎತ್ತರದ ಪೀಕ್ ಬಂದರೆ ನಂಬಬಹುದು. 0.003 ಅನ್ನು 1000 ಮತ್ತು 0.0005ರ ಗುಣಲಬ್ಧದಿಂದ ಭಾಗಿಸಿದರೆ 0.006 ಮೋಲಾರ್, ಅಂದರೆ 6 ಮಿಲಿಮೋಲಾರ್. ನ್ಯೂಟ್ರೋಫಿಲ್ (ಬಿಳಿ ರಕ್ತಕಣದ ಒಂದು ಬಗೆ) ಒಂದರ ಗಾತ್ರ ಸುಮಾರು 300 ಫೆಮ್ಟೋಲೀಟರ್ ಎಂದರೆ ಆ ನೂರು ಕೋಟಿ ಅಣುಗಳ ಸಂಖ್ಯೆ ಸಿಗುತ್ತದೆ. ಮೆಥಿಲೀನ್ ಬ್ಲೂನಂಥ ಬಣ್ಣ ಕಣ್ಣಿಗೆ ಕಾಣುವ ಬೆಳಕಿನಲ್ಲಿ, 664 ನ್ಯಾನೋಮೀಟರ್ ಬಳಿ, ಇದಕ್ಕಿಂತ ಸುಮಾರು 80 ಪಟ್ಟು ಬಲವಾಗಿ ಹೀರುತ್ತದೆ. ಅಂದರೆ ಬಣ್ಣ ಇದೆಯೋ ಇಲ್ಲವೋ ಎಂಬುದಷ್ಟೇ ನಿಮ್ಮ ಪ್ರಶ್ನೆಯಾದರೆ ಸಾದಾ ಮೈಕ್ರೋಸ್ಕೋಪೇ ಸಾಕು.

ಹಾಗಿದ್ದರೆ ಇನ್‌ಫ್ರಾರೆಡ್ ಯಾಕೆ? ಅದು ಅಣುವಿನ ರೂಪವನ್ನು ಹೇಳುತ್ತದೆ. ಒಳಗೆ ಹೋದ ಬಣ್ಣ ಹಾಗೇ ಇದೆಯೋ, ಬದಲಾಗಿದೆಯೋ, ಪ್ರೋಟಾನ್ ಹಿಡಿದುಕೊಂಡಿದೆಯೋ, ಗಟ್ಟಿಯಾಗಿ ಕೂತಿದೆಯೋ ಎಂಬುದರ ಜೊತೆಗೆ ಅದೇ ಸ್ಪೆಕ್ಟ್ರಮ್‌ನಲ್ಲಿ ಕೋಶದ ಪ್ರೋಟೀನ್, ಕೊಬ್ಬು, ಗ್ಲೈಕೋಜನ್ ಏನಾಗಿವೆ ಎಂಬುದೂ ಸಿಗುತ್ತದೆ. ಮೆಥಿಲೀನ್ ಬ್ಲೂ ಒಳ್ಳೆಯ ಉದಾಹರಣೆ. ಜೀವಂತ ಕೋಶ ಅದನ್ನು ಲ್ಯೂಕೋ ರೂಪಕ್ಕೆ ಇಳಿಸುತ್ತದೆ, ನೀಲಿ ಮಾಯವಾಗುತ್ತದೆ. ಕಣ್ಣಿಗೆ ಬಣ್ಣ ಹೋದಂತೆ ಕಂಡರೂ ಅಣು ಒಳಗೇ ಇರುತ್ತದೆ, ಮತ್ತು ಅದರ ಕಂಪನಗಳು ಬೇರೆಯಾಗಿರುತ್ತವೆ. ಇಂಥ ಪ್ರಶ್ನೆಗಳಿಗೆ ಈ ಉಪಕರಣ ಹೇಳಿಮಾಡಿಸಿದ್ದು.

ಇಲ್ಲಿ ಒಂದು ಗೊಂದಲವನ್ನು ಈಗಲೇ ಬಿಡಿಸಿಡಬೇಕು. ಇಂಡೋಸಯನೀನ್ ಗ್ರೀನ್‌ನಂಥ ಬಣ್ಣಗಳನ್ನು 800 ನ್ಯಾನೋಮೀಟರ್ ಬಳಿ ನೋಡುವುದನ್ನೂ ಜನ ಇನ್‌ಫ್ರಾರೆಡ್ ಎಂದೇ ಕರೆಯುತ್ತಾರೆ. ಅದು ನಿಯರ್ ಇನ್‌ಫ್ರಾರೆಡ್ ಫ್ಲೋರೆಸೆನ್ಸ್. ಅಲ್ಲಿ ಜಿಗಿಯುವುದು ಇಲೆಕ್ಟ್ರಾನ್. ಸೂಕ್ಷ್ಮತೆ ಅಪಾರ, ಆದರೆ ಅಣುವಿನ ಗುರುತು ಅಷ್ಟಕ್ಕಷ್ಟೇ. ಈ ಬರಹದ ವಿಷಯ ಮಿಡ್ ಇನ್‌ಫ್ರಾರೆಡ್, ಅಂದರೆ ಬಂಧಗಳ ಕಂಪನ. ಕೆಳಗೆ ಬರುವ 1650, 2085 ಎಂಬಂಥ ಪೀಕ್ ಸಂಖ್ಯೆಗಳೆಲ್ಲ ವೇವ್‌ನಂಬರ್, ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆ ಎಂಬ ಲೆಕ್ಕ.

ಯಾವ ಬಣ್ಣ, ಎಲ್ಲಿ ಕಾಣುತ್ತದೆ

ಬಣ್ಣವಿಲ್ಲದ ಬಿಳಿ ರಕ್ತಕಣದ ಸ್ಪೆಕ್ಟ್ರಮ್ ಮೊದಲು ಬಾಯಿಪಾಠವಾಗಬೇಕು. 3290ರಲ್ಲಿ ಅಮೈಡ್ ಎ (ಅಮೈಡ್ ಪೀಕ್‌ಗಳೆಲ್ಲ ಪ್ರೋಟೀನ್‌ನವು), 2920 ಮತ್ತು 2850ರಲ್ಲಿ ಕೊಬ್ಬಿನ ಸರಪಳಿ, 1740ರಲ್ಲಿ ಎಸ್ಟರ್, 1650ರಲ್ಲಿ ಅಮೈಡ್ 1, 1545ರಲ್ಲಿ ಅಮೈಡ್ 2, 1400ರಲ್ಲಿ ಕಾರ್ಬಾಕ್ಸಿಲೇಟ್, 1235 ಮತ್ತು 1085ರಲ್ಲಿ ಫಾಸ್ಫೇಟ್. ನ್ಯೂಟ್ರೋಫಿಲ್‌ನಲ್ಲಿ ಗ್ಲೈಕೋಜನ್ ಇರುವುದರಿಂದ 1150, 1080, 1025ರ ಮೂರು ಗೂನುಗಳು ಎದ್ದು ಕಾಣಬಹುದು. 1800ರಿಂದ 2800ರವರೆಗೆ ಕೋಶಕ್ಕೆ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಖಾಲಿ ಮೈದಾನ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಮಾತ್ರ 2350ರ ಬಳಿ ಬಂದು ಕೂರುತ್ತದೆ.

ಈ ಖಾಲಿ ಮೈದಾನದಲ್ಲಿ ಪೀಕ್ ಕೊಡುವ ಬಣ್ಣ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಪ್ರಷ್ಯನ್ ಬ್ಲೂ ಅಂಥದ್ದು. ಕಬ್ಬಿಣದ ಆಕ್ಸೈಡ್ ಕಣಗಳನ್ನು ನುಂಗಿದ ಮಾನೋಸೈಟ್ ಎಂಬ ಬಿಳಿ ಕಣಗಳಿಗೆ ಪರ್ಲ್ಸ್ ಸ್ಟೇನ್ ಮಾಡಿದಾಗ ಒಳಗಿನ ಕಬ್ಬಿಣ ಪ್ರಷ್ಯನ್ ಬ್ಲೂ ಆಗುತ್ತದೆ. ಶೇ. 2 ಪೊಟ್ಯಾಷಿಯಂ ಫೆರೋಸಯನೈಡ್ ಮತ್ತು ಶೇ. 2 ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವ ಹೊತ್ತಿಗೇ ಸಮಸಮ ಬೆರೆಸಿ 20ರಿಂದ 30 ನಿಮಿಷ ಇಡುವುದು ರೂಢಿ. ಅದರ ಸಯನೈಡ್ ಸೇತುವೆ 2080ರಿಂದ 2090ರ ನಡುವೆ ಬಲವಾಗಿ ಹೀರುತ್ತದೆ. ಇಲ್ಲಿ ಇನ್ನೊಂದು ಸೊಗಸಿದೆ. ಸರಿಯಾಗಿ ತೊಳೆಯದೆ ಉಳಿದ ಫೆರೋಸಯನೈಡ್‌ನ ಪೀಕ್ 2040ರ ಬಳಿ ಬರುತ್ತದೆ, ಫೆರಿಸಯನೈಡ್‌ನದು 2115ರ ಬಳಿ. ಅಂದರೆ ಉಳಿಕೆ ಯಾವುದು, ಕೋಶದಲ್ಲಿ ಹುಟ್ಟಿದ ಬಣ್ಣ ಯಾವುದು ಎಂಬುದನ್ನು ಪೀಕ್‌ನ ಜಾಗವೇ ಹೇಳಿಬಿಡುತ್ತದೆ. ಇಷ್ಟು ಸಲೀಸಾಗಿ ಉತ್ತರ ಕೊಡುವ ಬಣ್ಣ ಇನ್ನೊಂದಿಲ್ಲ. ಈ ವಿಧಾನ ಕಲಿಯುವವರು ಇದರಿಂದಲೇ ಆರಂಭಿಸಲಿ ಎಂದು ನಾನು ಒತ್ತಾಯಿಸುತ್ತೇನೆ.

ಉಳಿದ ಹೆಚ್ಚಿನ ಬಣ್ಣಗಳ ಪೀಕ್‌ಗಳು ಕೋಶದ ಪೀಕ್‌ಗಳ ಮಧ್ಯೆಯೇ ನುಸುಳಿಕೊಂಡಿರುತ್ತವೆ. ಮೆಥಿಲೀನ್ ಬ್ಲೂನ ದೊಡ್ಡ ಪೀಕ್ 1600ರ ಬಳಿ, ಕ್ರಿಸ್ಟಲ್ ವಯೊಲೆಟ್‌ನದು 1585ರ ಬಳಿ. ಎರಡೂ ಬೀಳುವುದು ಅಮೈಡ್ 1 ಮತ್ತು ಅಮೈಡ್ 2ರ ನಡುವಿನ ಕಣಿವೆಯಲ್ಲಿ. ಕಣಿವೆ ಸ್ವಲ್ಪ ತುಂಬಿದಂತೆ ಕಾಣುತ್ತದೆ, ಅಷ್ಟೇ. ಅಜೋ ಬಣ್ಣಗಳಲ್ಲಿ ಅಜೋ ಬಂಧದ ಪೀಕ್ ಹುಡುಕುತ್ತಾ ಕೂರಬೇಡಿ. ಆ ಬಂಧದ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಇನ್‌ಫ್ರಾರೆಡ್‌ನಲ್ಲಿ ಅದು ತೀರಾ ಪೇಲವ. ಕಾಂಗೋ ರೆಡ್, ಟ್ರಿಪಾನ್ ಬ್ಲೂ, ಇವಾನ್ಸ್ ಬ್ಲೂಗಳಲ್ಲಿ ಸಲ್ಫೋನೇಟ್ ಪೀಕ್‌ಗಳು ಬಲವಾಗಿರುತ್ತವೆ, 1040 ಮತ್ತು 1180ರ ಸುತ್ತಮುತ್ತ. ಆದರೆ ಅಲ್ಲಿ ಫಾಸ್ಫೇಟ್, ಗ್ಲೈಕೋಜನ್ ಮೊದಲೇ ಜಾಗ ಹಿಡಿದಿವೆ.

ಲೈಸೊಸೋಮ್‌ನಲ್ಲಿ (ಕೋಶದೊಳಗಿನ ಆಮ್ಲೀಯ ಚೀಲ) ಸೇರಿಕೊಳ್ಳುವ ನ್ಯೂಟ್ರಲ್ ರೆಡ್ ಲೆಕ್ಕ ನೋಡಿ. ಮಿಲಿಲೀಟರ್‌ಗೆ 50 ಮೈಕ್ರೋಗ್ರಾಂ, ಅಂದರೆ ಸುಮಾರು 173 ಮೈಕ್ರೋಮೋಲಾರ್ ದ್ರಾವಣದಲ್ಲಿ ಕೋಶಗಳನ್ನು 37 ಡಿಗ್ರಿಯಲ್ಲಿ 2ರಿಂದ 3 ಗಂಟೆ ಇಟ್ಟಿರಿ ಎನ್ನೋಣ. ಬಣ್ಣದ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುವ ಪಿಎಚ್) 6.8, ಹೊರಗಿನ ಪಿಎಚ್ 7.4, ಲೈಸೊಸೋಮ್ ಪಿಎಚ್ 4.8. ಪ್ರೋಟಾನ್ ಹಿಡಿದು ಒಳಗೇ ಸಿಕ್ಕಿಬೀಳುವ ಲೆಕ್ಕದ ಪ್ರಕಾರ ಸಾಂದ್ರತೆ ಸುಮಾರು 80 ಪಟ್ಟು ಏರಿ ಲೈಸೊಸೋಮ್‌ನಲ್ಲಿ 14 ಮಿಲಿಮೋಲಾರ್ ಆಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಲೈಸೊಸೋಮ್‌ಗಳು ಕೋಶದ ಶೇ. 3ರಷ್ಟು ಜಾಗದಲ್ಲಿದ್ದರೆ ಇಡೀ ಕೋಶದ ಸರಾಸರಿ ಅರ್ಧ ಮಿಲಿಮೋಲಾರ್‌ಗೂ ಕಡಿಮೆ. ನಮಗೆ ಬೇಕಾದದ್ದು 6. ಬಣ್ಣ ಅಲ್ಲಿನ ಫಾಸ್ಫೇಟ್ ಮತ್ತಿತರ ಋಣ ಗುಂಪುಗಳಿಗೆ ಅಂಟಿಕೊಂಡು ಇನ್ನಷ್ಟು ಕೂಡಿಬಿದ್ದರೆ ಮಾತ್ರ ಕಾಣುವ ಆಸೆ ಇದೆ.

ಇಡೀ ಕೋಶ ಬಿಟ್ಟು ಲೈಸೊಸೋಮ್‌ಗಳ ಗುಚ್ಛದಲ್ಲೇ ಅಳೆಯೋಣ ಎಂದರೆ 10 ಮೈಕ್ರೋಮೀಟರ್ ಅಲೆಯುದ್ದ, ಅಂದರೆ 1000ರ ಬಳಿ, ಬೆಳಕೇ ಸುಮಾರು 10 ಮೈಕ್ರೋಮೀಟರ್‌ಗಿಂತ ಚಿಕ್ಕದಾಗಿ ಕೂಡುವುದಿಲ್ಲ. ಲಿಂಫೋಸೈಟ್ ಇಡೀಯಾಗಿ ಅಷ್ಟೇ ಇದೆ.

ಹಚ್ಚೆಯ ಬಣ್ಣ ನುಂಗಿದ ಮ್ಯಾಕ್ರೋಫೇಜ್‌ಗಳದು (ಹೊರಗಿನ ಕಣಗಳನ್ನು ನುಂಗುವ ಕೋಶಗಳು) ಬೇರೆ ಕಥೆ, ಅಲ್ಲಿ ಬಣ್ಣ ಘನ ಕಣವಾಗಿ ತುಂಬಿರುತ್ತದೆ. ಅಲ್ಲೂ 2017ರಲ್ಲಿ ಪ್ರಕಟವಾದ, ಗ್ರೆನೋಬಲ್‌ನ ಯುರೋಪಿಯನ್ ಸಿಂಕ್ರೋಟ್ರಾನ್‌ನಲ್ಲಿ ನಡೆದ ಮಾನವ ಚರ್ಮ ಮತ್ತು ದುಗ್ಧಗ್ರಂಥಿಗಳ ಅಧ್ಯಯನ ಬಣ್ಣದ ಗುರುತಿಗೆ ಎಕ್ಸ್‌ರೇ ಫ್ಲೋರೆಸೆನ್ಸ್ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿಯನ್ನು ಅವಲಂಬಿಸಿತು. ಬಣ್ಣದ ಅಕ್ಕಪಕ್ಕದ ಪ್ರೋಟೀನ್, ಕೊಬ್ಬು ಹೇಗೆ ಬದಲಾಗಿವೆ ಎಂದು ನೋಡಲು ಇನ್‌ಫ್ರಾರೆಡ್ ಬಳಸಿತು. ಕೆಲಸ ಹಂಚಿದ ರೀತಿ ಗಮನಿಸುವಂಥದ್ದು.

ರಕ್ತದಿಂದ ಕಿಟಕಿಯವರೆಗೆ

ತಪ್ಪುಗಳಲ್ಲಿ ಹೆಚ್ಚಿನವು ಉಪಕರಣದಲ್ಲಿ ಆಗುವುದಿಲ್ಲ, ಸೆಂಟ್ರಿಫ್ಯೂಜ್ ಹತ್ತಿರ ಆಗುತ್ತವೆ. ರಕ್ತದಲ್ಲಿ ಒಂದು ಬಿಳಿ ಕಣಕ್ಕೆ ಸುಮಾರು 700 ಕೆಂಪು ಕಣ. ಹಿಮೋಗ್ಲೋಬಿನ್ ಉಳಿದರೆ ಅದರ ಅಮೈಡ್ ಪೀಕ್‌ಗಳು ನಿಮ್ಮ ಕೋಶದ ಪೀಕ್‌ಗಳ ಮೇಲೇ ಬೀಳುತ್ತವೆ, ಬೇರ್ಪಡಿಸಲು ದಾರಿಯೇ ಇಲ್ಲ. ರಕ್ತ ತೆಗೆದ 2ರಿಂದ 4 ಗಂಟೆಯೊಳಗೆ ಕೆಲಸ ಶುರುವಾಗಲಿ. ಫ್ರಿಜ್‌ನಲ್ಲಿ ಇಡಬೇಡಿ.

ಲಿಂಫೋಸೈಟ್, ಮಾನೋಸೈಟ್ ಬೇಕಾದರೆ 1.077 ಸಾಂದ್ರತೆಯ ಫಿಕಾಲ್ ಮೇಲೆ ರಕ್ತವನ್ನು ಮೆತ್ತಗೆ ಸುರಿದು, ಬ್ರೇಕ್ ಇಲ್ಲದೆ 400 ಜಿಯಲ್ಲಿ 30 ನಿಮಿಷ. ಆಮೇಲೆ 250 ಜಿಯಲ್ಲಿ 10 ನಿಮಿಷದಂತೆ ಎರಡು ಸಲ ತೊಳೆದರೆ ಪ್ಲೇಟ್‌ಲೆಟ್‌ಗಳೂ ಹೋಗುತ್ತವೆ. ನಾನು ಮೂರನೆಯ ಸಲವನ್ನೂ ಕಡ್ಡಾಯ ಎನ್ನುತ್ತೇನೆ, ಕಾರಣ ಫಿಕಾಲ್ ಸಕ್ಕರೆಯ ಪಾಲಿಮರ್. 1000ರಿಂದ 1150ರವರೆಗೆ ಅದು ಗ್ಲೈಕೋಜನ್‌ನಂತೆಯೇ ಕಾಣುತ್ತದೆ, ಸಲ್ಫೋನೇಟ್ ಹುಡುಕುವವರನ್ನು ಪೂರ್ತಿ ದಾರಿ ತಪ್ಪಿಸುತ್ತದೆ. ನ್ಯೂಟ್ರೋಫಿಲ್ ಬೇಕಾದರೆ ಅವು ತಳದಲ್ಲಿ ಕೆಂಪು ಕಣಗಳ ಜೊತೆ ಇರುತ್ತವೆ, ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಕೆಂಪು ಕಣಗಳನ್ನು ಒಡೆಯಬೇಕು. 155 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್, 10 ಮಿಲಿಮೋಲಾರ್ ಪೊಟ್ಯಾಷಿಯಂ ಬೈಕಾರ್ಬೊನೇಟ್, 0.1 ಮಿಲಿಮೋಲಾರ್ ಇಡಿಟಿಎ. ಇದರ ಉಳಿಕೆಯ ಗುರುತು 1400ರಲ್ಲಿ ಚೂಪಾಗಿ ಎದ್ದ ಪೀಕ್.

ರಕ್ತ ಹೆಪ್ಪುಗಟ್ಟದಂತೆ ಹಾಕುವುದೂ ಸಾಕ್ಷ್ಯ ಕೆಡಿಸಬಲ್ಲದು. ಇಡಿಟಿಎ ಕಾರ್ಬಾಕ್ಸಿಲೇಟ್ 1590ರ ಬಳಿ, ಅಂದರೆ ಸರಿಯಾಗಿ ಮೆಥಿಲೀನ್ ಬ್ಲೂ ಕಣಿವೆಯಲ್ಲೇ ಬರುತ್ತದೆ. ಹೆಪಾರಿನ್‌ನ ಸಲ್ಫೇಟ್ 1230ರ ಬಳಿ. ಯಾವ ಬಣ್ಣ ಹುಡುಕುತ್ತಿದ್ದೀರಿ ಎಂಬುದರ ಮೇಲೆ ಟ್ಯೂಬ್ ಆರಿಸಿಕೊಳ್ಳಿ.

ಬಣ್ಣ ಹಾಕುವ ಮುನ್ನ ಸತ್ತ ಕೋಶಗಳ ಪ್ರಮಾಣ ನೋಡಿಕೊಳ್ಳಿ. ಪೊರೆ ಹರಿದ ಕೋಶದೊಳಗೆ ಯಾವ ಬಣ್ಣವಾದರೂ ನುಗ್ಗಿ ಪ್ರೋಟೀನ್, ಡಿಎನ್‌ಎಗೆ ಅಂಟುತ್ತದೆ, ಶೇ. 5 ಸತ್ತ ಕೋಶ ಇದ್ದರೂ ಸರಾಸರಿಯನ್ನು ಅವೇ ಎಳೆಯುತ್ತವೆ. ಟ್ರಿಪಾನ್ ಬ್ಲೂ ಎಣಿಕೆಯನ್ನು ಬೇರೆ ಪಾಲಿನಲ್ಲಿ ಮಾಡಿ, ಆ ಪಾಲನ್ನು ಮತ್ತೆ ಬೆರೆಸಬೇಡಿ.

ಕೊನೆಯ ತೊಳೆತದಲ್ಲಿ ಫಾಸ್ಫೇಟ್ ಬಫರ್ ಬೇಡ. ಒಣಗಿದಾಗ 1080ರ ಸುತ್ತ ಅದರದೇ ಪೀಕ್. ಶೇ. 0.9 ಉಪ್ಪುನೀರು ಒಳ್ಳೆಯದು, ಸೋಡಿಯಂ ಕ್ಲೋರೈಡ್ ಈ ಪ್ರದೇಶದಲ್ಲಿ ಹೀರುವುದೇ ಇಲ್ಲ. ಹರಳು ಬೆಳಕನ್ನು ಚದುರಿಸುತ್ತದೆ, ಆದ್ದರಿಂದ ಒಣಗುವ ಮೊದಲು ಹನಿಯ ಅಂಚಿಗೆ ಫಿಲ್ಟರ್ ಪೇಪರ್ ತಾಗಿಸಿ ನೀರನ್ನು ಹೀರಿಸಿ. ಆವಿಯಾಗಿ ಹೋಗುತ್ತದೆಂದು ಅಮೋನಿಯಂ ಫಾರ್ಮೇಟ್ ಬಳಸುವವರಿದ್ದಾರೆ. ನ್ಯೂಟ್ರಲ್ ರೆಡ್‌ನಂಥ ಬಣ್ಣಕ್ಕೆ ಅದು ಸಲ್ಲದು. ಅಮೋನಿಯಾ ಲೈಸೊಸೋಮ್‌ನ ಆಮ್ಲತೆ ಇಳಿಸುತ್ತದೆ, ಬಣ್ಣ ಹೊರಗೆ ಸೋರುತ್ತದೆ.

ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 10ರಿಂದ 15 ನಿಮಿಷ ಫಿಕ್ಸ್ ಮಾಡುವುದು ಸುರಕ್ಷತೆಗೂ ಆಕಾರಕ್ಕೂ ಒಳ್ಳೆಯದು, ಘನ ಕಣಗಳಾಗಿ ಕೂತ ಬಣ್ಣಕ್ಕೆ ಯಾವ ತೊಂದರೆಯೂ ಇಲ್ಲ. ಪಿಎಚ್ ವ್ಯತ್ಯಾಸದ ಬಲದಿಂದಷ್ಟೇ ಒಳಗಿರುವ ಬಣ್ಣಕ್ಕೆ ಫಿಕ್ಸಿಂಗ್ ಎಂದರೆ ಬಾಗಿಲು ತೆರೆದಂತೆ. ಅಂಥ ಬಣ್ಣವಿದ್ದರೆ ತಣ್ಣಗಿನ ಉಪ್ಪುನೀರಲ್ಲಿ ಬೇಗ ತೊಳೆದು, ತಕ್ಷಣ ಒಣಗಿಸಿ, ಎರಡು ಕಿಟಕಿಗಳ ನಡುವೆ ಮುಚ್ಚಿಟ್ಟೇ ಅಳೆಯಿರಿ. ಫಿಕ್ಸ್ ಮಾಡದ ಒಣಗಿದ ರಕ್ತಕಣ ಸೋಂಕು ಹರಡಬಲ್ಲದು ಎಂಬುದನ್ನು ಒಂದು ಕ್ಷಣವೂ ಮರೆಯಬಾರದು. ಮೆಥನಾಲ್, ಎಥನಾಲ್ ಎರಡೂ ಬೇಡ, ಕೊಬ್ಬಿನ ಜೊತೆ ಬಣ್ಣವನ್ನೂ ಕರಗಿಸಿ ಒಯ್ಯುತ್ತವೆ.

ಗಾಜಿನ ಸ್ಲೈಡ್ 2500ರ ಕೆಳಗೆ ಬೆಳಕನ್ನು ಬಹುತೇಕ ನುಂಗಿಬಿಡುತ್ತದೆ, ಹಾಗಾಗಿ ಸ್ಟೇನ್ ಮಾಡಿಟ್ಟ ಹಳೆಯ ಸ್ಮಿಯರ್‌ಗಳು ಇಲ್ಲಿ ಉಪಯೋಗಕ್ಕೆ ಬಾರವು. 1 ಮಿಲಿಮೀಟರ್ ಕ್ಯಾಲ್ಷಿಯಂ ಫ್ಲೋರೈಡ್ ಕಿಟಕಿ ಸುಮಾರು 1000ದವರೆಗೆ ಚೆನ್ನಾಗಿ ಬಿಡುತ್ತದೆ. ಅದಕ್ಕಿಂತ ಕೆಳಗೆ ಬೇಕಾದರೆ ಬೇರಿಯಂ ಫ್ಲೋರೈಡ್. ಅದು 800ರವರೆಗೆ ಬರುತ್ತದೆ, ಆದರೆ ನೀರಿನಲ್ಲಿ ಸ್ವಲ್ಪ ಕರಗುತ್ತದೆ. ಅಗ್ಗವೆಂದು ಪ್ರತಿಫಲಿಸುವ ಲೋ ಇ ಸ್ಲೈಡ್ ಆರಿಸಿಕೊಂಡರೆ ಬೆಳಕಿನ ನಿಂತ ಅಲೆಯಿಂದ ಪೀಕ್‌ಗಳ ಅನುಪಾತ ದಪ್ಪದ ಜೊತೆ ಬದಲಾಗುತ್ತದೆ. ಮಿಲಿಮೋಲಾರ್ ಲೆಕ್ಕ ಬೇಕಾದ ಕೆಲಸಕ್ಕೆ ಅದನ್ನು ಬಳಸಬೇಡಿ. ಮಿಲಿಲೀಟರ್‌ಗೆ 10 ಲಕ್ಷ ಕೋಶವಿರುವ ದ್ರವದ 2 ಮೈಕ್ರೋಲೀಟರ್ ಹನಿ ಸಾಕು. ಕೋಶಗಳು ಬಿಡಿಬಿಡಿಯಾಗಿ ಬೀಳುತ್ತವೆ, ಅಂಚಿನ ಉಂಗುರವನ್ನು ಬಿಟ್ಟು ಒಳಗಿನವನ್ನು ಆರಿಸಿ. ರಾತ್ರಿಯಿಡೀ ಡೆಸಿಕೇಟರ್‌ನಲ್ಲಿಡಿ. ನೀರು ಉಳಿದರೆ 1640ರಲ್ಲಿ ಬಂದು ಅಮೈಡ್ 1 ಅನ್ನು ಉಬ್ಬಿಸುತ್ತದೆ.

ಅಳೆಯುವಾಗ

4 ವೇವ್‌ನಂಬರ್ ರೆಸಲ್ಯೂಷನ್, ಕೋಶಕ್ಕೆ 256 ಸ್ಕ್ಯಾನ್, ಪಕ್ಕದ ಖಾಲಿ ಜಾಗದಲ್ಲಿ ಹಿನ್ನೆಲೆಗೆ 512. ಪ್ರತಿ ಹತ್ತು ಕೋಶಕ್ಕೊಮ್ಮೆ ಹಿನ್ನೆಲೆ ಮತ್ತೆ ತೆಗೆಯಿರಿ. ಒಣ ಗಾಳಿ ಅಥವಾ ನೈಟ್ರೋಜನ್ ಹರಿವು ನಿಂತರೆ 1350ರಿಂದ 1900ರವರೆಗೆ ನೀರಾವಿಯ ಸಣ್ಣ ಸಣ್ಣ ಮುಳ್ಳುಗಳು ಏಳುತ್ತವೆ. ಸೆಕೆಂಡ್ ಡೆರಿವೇಟಿವ್ ತೆಗೆದಾಗ ಈ ಮುಳ್ಳುಗಳೇ ಅಂದವಾದ ಬಣ್ಣದ ಪೀಕ್‌ಗಳಂತೆ ಕಾಣುತ್ತವೆ. ಏನೂ ಇರಬಾರದ 1800ರಿಂದ 1900ರ ಭಾಗದಲ್ಲಿ ಮುಳ್ಳು ಇದೆಯೇ ನೋಡಿ, ಇದ್ದರೆ ಆ ಸ್ಪೆಕ್ಟ್ರಮ್ ಬಿಸಾಡಿ. ಲಿಕ್ವಿಡ್ ನೈಟ್ರೋಜನ್ ಹಾಕುವ ಡಿಟೆಕ್ಟರ್‌ನ ನಿರ್ವಾತ ಹಳತಾದರೆ ಒಳಗೆ ಹಿಮ ಕಟ್ಟಿ 3200ರ ಬಳಿ ಅಗಲ ಗುಡ್ಡ ಬರುತ್ತದೆ, ಅದಕ್ಕೂ ಕೋಶಕ್ಕೂ ಸಂಬಂಧವಿಲ್ಲ.

ಆಮೇಲೆ ಚದುರುವಿಕೆ. ಕೋಶದ ಗಾತ್ರ ಮತ್ತು ಅಲೆಯುದ್ದ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೇಸ್‌ಲೈನ್ ಹಾವಿನಂತೆ ಏಳುಬೀಳುತ್ತದೆ, ಅಮೈಡ್ 1 ಕೆಳಗಿನ ಸಂಖ್ಯೆಯತ್ತ ಸರಿಯುತ್ತದೆ, ಅದರ ಹೆಗಲು ಇಳಿದು 1600ರ ಕಣಿವೆಯ ಆಳವೇ ಬದಲಾಗುತ್ತದೆ. ಬಣ್ಣ ಹಾಕಿದ ಕೋಶ ಸ್ವಲ್ಪ ಊದಿಕೊಂಡಿದ್ದರೆ ಸಾಕು, ಬಣ್ಣದ ಒಂದು ಅಣುವೂ ಇಲ್ಲದೆ ಕಣಿವೆ ಬದಲಾಗಿ ಕಾಣಬಹುದು. ಮೀ ಚದುರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎಕ್ಸ್‌ಟೆಂಡೆಡ್ ಮಲ್ಟಿಪ್ಲಿಕೇಟಿವ್ ಸಿಗ್ನಲ್ ಕರೆಕ್ಷನ್ ಬಳಸಿ. ಆದರೆ ಅದಕ್ಕೆ ಕೊಡುವ ಮಾದರಿ ಸ್ಪೆಕ್ಟ್ರಮ್‌ನಲ್ಲಿ ಬಣ್ಣ ಇರಕೂಡದು, ಇದ್ದರೆ ತಿದ್ದುವ ಲೆಕ್ಕವೇ ಬಣ್ಣವನ್ನು ತಂದು ಕೂರಿಸುತ್ತದೆ.

ಬೆಳಕಿನ ಮಿತಿಯನ್ನು ದಾಟಬೇಕೆಂದು ಆಪ್ಟಿಕಲ್ ಫೋಟೋಥರ್ಮಲ್ ಉಪಕರಣಕ್ಕೆ (ಇನ್‌ಫ್ರಾರೆಡ್‌ನಿಂದ ಮಾದರಿ ಬಿಸಿಯಾಗುವುದನ್ನು ಇನ್ನೊಂದು ಕಿರಣದಿಂದ ಓದುವಂಥದ್ದು) ಹೋಗುವವರಿಗೆ ಒಂದು ಮಾತು. ಅರ್ಧ ಮೈಕ್ರೋಮೀಟರ್‌ವರೆಗೆ ಬಿಡಿಸಿ ನೋಡಬಹುದು, ನಿಜ. ಆದರೆ ಅಲ್ಲಿ ಓದುವ ಕಿರಣ ಸಾಮಾನ್ಯವಾಗಿ 532 ನ್ಯಾನೋಮೀಟರ್‌ನ ಹಸಿರು. ಕೆಂಪು ಬಣ್ಣಗಳು ಹೀರುವುದು ಅದನ್ನೇ. ಮಾದರಿ ಸುಟ್ಟು ಕಪ್ಪಾಗುತ್ತದೆ. 785ರ ಕಿರಣ ಇದ್ದರೆ ಅದನ್ನು ಬಳಸಿ, ಶಕ್ತಿಯನ್ನು ತೀರಾ ಕೆಳಗಿನಿಂದ ಶುರುಮಾಡಿ.

ಕೋಶಗಳ ಉಂಡೆಯನ್ನು ವಜ್ರದ ಎಟಿಆರ್ (ಮಾದರಿಯನ್ನು ಹರಳಿಗೆ ತಾಗಿಸಿ ಅಳೆಯುವ ಸಾಧನ) ಮೇಲೆ ಒಣಗಿಸಿ ಅಳೆದರೆ ಗದ್ದಲ ನೂರು ಪಟ್ಟು ಇಳಿಯಬಹುದು. ಆಗ ಅಡ್ಡಿಯಾಗುವುದು ಗದ್ದಲವಲ್ಲ, ಒಬ್ಬರಿಂದೊಬ್ಬರಿಗೆ ಕೋಶಗಳಲ್ಲಿರುವ ಸಹಜ ವ್ಯತ್ಯಾಸ. ಖಾಲಿ ಮೈದಾನದಲ್ಲಿ ಪೀಕ್ ಇರುವ ಬಣ್ಣಕ್ಕೆ ಇದು ದೊಡ್ಡ ಲಾಭ, 1600ರ ಕಣಿವೆಯಲ್ಲಿರುವ ಬಣ್ಣಕ್ಕೆ ಅಷ್ಟೇನೂ ಇಲ್ಲ.

ಇದೆ ಎಂಬುದು ಒಂದು ಮಾತು, ಒಳಗಿದೆ ಎಂಬುದು ಇನ್ನೊಂದು

ಹೋಲಿಕೆಗೆ ಪುಡಿ ಬಣ್ಣದ ಪೊಟ್ಯಾಷಿಯಂ ಬ್ರೋಮೈಡ್ ಬಿಲ್ಲೆಯ ಸ್ಪೆಕ್ಟ್ರಮ್ ಸಾಲದು. ಪುಡಿಯಲ್ಲಿ ಬಣ್ಣ ಹರಳಾಗಿದೆ, ಕೋಶದಲ್ಲಿ ಪ್ರೋಟೀನ್‌ಗೆ ಅಂಟಿದೆ, ಪೀಕ್ ಜರುಗುತ್ತದೆ. ಮಿಲಿಲೀಟರ್‌ಗೆ 50 ಮಿಲಿಗ್ರಾಂ ಆಲ್ಬುಮಿನ್ ದ್ರಾವಣದಲ್ಲಿ ಬಣ್ಣ ಬೆರೆಸಿ ಕೋಶ ಇಡುವ ಕಿಟಕಿಯಂಥದ್ದರ ಮೇಲೇ ಒಣಗಿಸಿ. ಕೋಶದ ಪ್ರೋಟೀನ್ ಮಿಲಿಲೀಟರ್‌ಗೆ 200 ಮಿಲಿಗ್ರಾಂ ಎಂದು ಹಿಡಿದರೆ, ಕೋಶದ 6 ಮಿಲಿಮೋಲಾರ್‌ಗೆ ಸಮವಾಗುವುದು ಈ ದ್ರಾವಣದ 1.5 ಮಿಲಿಮೋಲಾರ್. 0, 0.25, 0.5, 1.5, 3 ಎಂದು ಸಾಲು ಮಾಡಿಕೊಂಡರೆ ನಿಮ್ಮ ಉಪಕರಣಕ್ಕೆ ಎಲ್ಲಿಂದ ಕಾಣಲು ಶುರುವಾಗುತ್ತದೆ ಎಂಬುದು ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಮೆಥಿಲೀನ್ ಬ್ಲೂ ಆದರೆ ಲ್ಯೂಕೋ ರೂಪದ ಸಾಲೂ ಬೇಕು.

ಕೋಶಗಳಲ್ಲಿ ಕನಿಷ್ಠ ಐದು ಗುಂಪು ಇರಲಿ: ಬಣ್ಣವಿಲ್ಲದ್ದು, ಬಣ್ಣ ಕರಗಿಸಿದ ದ್ರಾವಕ ಮಾತ್ರ ಹಾಕಿದ್ದು, 37 ಡಿಗ್ರಿಯಲ್ಲಿ ಬಣ್ಣ ಹಾಕಿದ್ದು, 4 ಡಿಗ್ರಿಯಲ್ಲಿ ಹಾಕಿದ್ದು, ಲೈಸೊಸೋಮ್ ಆಮ್ಲತೆಯನ್ನು 100 ನ್ಯಾನೋಮೋಲಾರ್ ಬಾಫಿಲೋಮೈಸಿನ್‌ನಿಂದ ತಡೆದು ಹಾಕಿದ್ದು. 4 ಡಿಗ್ರಿಯಲ್ಲಿ ನುಂಗುವಿಕೆ ನಿಲ್ಲುತ್ತದೆ, ಆದರೆ ಮೇಲ್ಮೈಗೆ ಅಂಟುವುದು ನಿಲ್ಲುವುದಿಲ್ಲ. ಅಲ್ಲೂ ಅಷ್ಟೇ ಎತ್ತರದ ಪೀಕ್ ಬಂದರೆ ನೀವು ನೋಡುತ್ತಿರುವುದು ಪೊರೆಯ ಹೊರಗಿನ ಬಣ್ಣ. ಬಾಫಿಲೋಮೈಸಿನ್ ಹಾಕಿದಾಗ ನ್ಯೂಟ್ರಲ್ ರೆಡ್ ಪೀಕ್ ಕರಗಿಹೋದರೆ ಆಗ ಲೈಸೊಸೋಮ್ ಎಂದು ಧೈರ್ಯವಾಗಿ ಬರೆಯಬಹುದು. ದ್ರಾವಕ ಡಿಎಂಎಸ್‌ಒ ಆಗಿದ್ದರೆ ಅದರ ಸಲ್ಫಾಕ್ಸೈಡ್ 1020ರಿಂದ 1050ರವರೆಗೆ ತಾನೇ ಹೀರುತ್ತದೆ, ಎರಡನೆಯ ಗುಂಪು ಇರುವುದು ಅದಕ್ಕಾಗಿ.

ಲೆಕ್ಕದ ಹಂತದಲ್ಲಿ ಅಮೈಡ್ 1ಕ್ಕೆ ನಾರ್ಮಲೈಸ್ ಮಾಡುವ ರೂಢಿಯನ್ನು 1600ರ ಬಣ್ಣಗಳಿಗೆ ಬಿಟ್ಟುಬಿಡಿ, ಬಣ್ಣದ ಬಾಲ ಅಲ್ಲಿಗೂ ಚಾಚಿರುತ್ತದೆ. 2800ರಿಂದ 3000ದ ಭಾಗ ಹೆಚ್ಚು ನಂಬಿಕಸ್ಥ. ಸೆಕೆಂಡ್ ಡೆರಿವೇಟಿವ್‌ಗೆ 9ರಿಂದ 13 ಬಿಂದುಗಳ ಸವಿಟ್ಸ್ಕಿ ಗೋಲೆ ಸಾಕು. ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್‌ನಲ್ಲಿ ಗುಂಪುಗಳು ಬೇರೆಯಾದ ತಕ್ಷಣ ಖುಷಿಪಡದೆ ಲೋಡಿಂಗ್ (ಯಾವ ಪೀಕ್‌ಗಳಿಂದ ಗುಂಪುಗಳು ಬೇರೆಯಾದವು ಎಂದು ತೋರಿಸುವ ರೇಖೆ) ತೆರೆದು ನೋಡಿ. ಅದರಲ್ಲಿ ಆಲ್ಬುಮಿನ್ ಸಾಲಿನಲ್ಲಿ ಕಂಡ ಬಣ್ಣದ ಪೀಕ್‌ಗಳು ಕನಿಷ್ಠ ಮೂರು, ಅದೇ ಅನುಪಾತದಲ್ಲಿ ಕಾಣಬೇಕು. ಒಂದೇ ಪೀಕ್ ಆಧಾರದ ಮೇಲೆ ಬಣ್ಣದ ಹೆಸರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆಗೆ ಇಟ್ಟ ಕೋಶಗಳು ಮತ್ತು ಕಲಿಸಲು ಬಳಸಿದ ಕೋಶಗಳು ಒಬ್ಬರದೇ ರಕ್ತದವು ಆಗಿರಬಾರದು, ಹಾಗಾದರೆ ಲೆಕ್ಕದ ಮಾದರಿ ಕಲಿಯುವುದು ಬಣ್ಣವನ್ನಲ್ಲ, ಆ ವ್ಯಕ್ತಿಯನ್ನು.

ಅಳತೆ ಮುಗಿದ ಮೇಲೆ ಎರಡು ಕೆಲಸ ಉಳಿಯುತ್ತವೆ. ಕೊನೆಯ ತೊಳೆತದ ಮೇಲಿನ ನೀರನ್ನು 2 ಮೈಕ್ರೋಲೀಟರ್ ತೆಗೆದು ಅದೇ ರೀತಿಯ ಕಿಟಕಿಯ ಮೇಲೆ ಒಣಗಿಸಿ ಅಳೆಯಿರಿ. ಅದರಲ್ಲಿ ಬಣ್ಣ ಕಂಡರೆ ಕೋಶಗಳ ಸ್ಪೆಕ್ಟ್ರಮ್‌ನಲ್ಲಿ ಕಂಡದ್ದಕ್ಕೆ ಬೆಲೆ ಇಲ್ಲ, ಮತ್ತೆ ತೊಳೆಯುವುದರಿಂದಲೇ ಶುರು. ಕಾಣದಿದ್ದರೆ, ಅಳೆದ ಕೋಶಗಳ ಜಾಗ ಗುರುತಿಟ್ಟುಕೊಂಡು ಅದೇ ಕಿಟಕಿಗೆ ಈಗ ಗೀಮ್ಸಾ ಸ್ಟೇನ್ ಹಾಕಿ. ಯಾವುದು ನ್ಯೂಟ್ರೋಫಿಲ್, ಯಾವುದು ಮಾನೋಸೈಟ್ ಎಂದು ನ್ಯೂಕ್ಲಿಯಸ್ ನೋಡಿ ಬರೆದುಕೊಳ್ಳಿ, ಪ್ರತಿ ಸ್ಪೆಕ್ಟ್ರಮ್ ಫೈಲಿನ ಹೆಸರಿಗೆ ಆ ಕೋಶದ ಜಾತಿಯನ್ನು ಸೇರಿಸಿ.